ನೊಗದ ಹುರಿ

ಹಾಸನದ ಕ್ರೀಡಾಂಗಣದಲ್ಲಿ ನಮಗೆ ಬಿಲ್ವಿದ್ಯೆ ಹೇಳಿಕೊಡುತ್ತಿದ್ದ ಮೇಷ್ಟ್ರು, ಎರಡೂ ಕೊನೆಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲಿನ ಕೇಬಲ್ ತುದಿಯಲ್ಲಿ ಕವಲೊಡೆಯುವ ಎರಡು ಹುರಿಗಳನ್ನು ‘ನೊಗ’ ಎನ್ನುತ್ತಿದ್ದರು. “ಎರಡೆತ್ತೂ ಸಮ ಎಳೀಬೇಕು ಕಣವ್ವ” ಎಂಬುದು ಅವರ ಮಾತು. ಒಂದು ಹುರಿ ಸಡಿಲಾದರೂ ತುದಿಯ ಗಾಲಿ ವಾಲುತ್ತದೆ. ಹೆದೆ ಕಳಚಿ ಮುಖಕ್ಕೇ ಬಡಿಯಬಹುದು.

ತಂಡದ ಆಯ್ಕೆಯ ದಿನವೇ ನನ್ನ ಬಿಲ್ಲಿನ ಗಾಲಿ ವಾಲಿತ್ತು. ಅವರು ಬಿಗಿ ಇಳಿಸಿ ಎಡದ ಹುರಿಯನ್ನು ಅರ್ಧ ಸುತ್ತು ತಿರುಚಿದರು. ಬೆವರೊರೆಸಿಕೊಂಡು ಮತ್ತೆ ಅರ್ಧ ಸುತ್ತು ತಿರುಚಿದರು. ನನ್ನನ್ನು ದೂರ ನಿಲ್ಲಿಸಿ ಮೊದಲು ತಾವೇ ಎಳೆದು ನೋಡಿದರು.

“ಈಗ ನೀನು ಎಳಿ.”

ಎಳೆದೆ. ಅವರು ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದರು. ಬಿಟ್ಟ ಬಾಣ ಗುರಿಹಲಗೆಯ ಹಳದಿ ವೃತ್ತದ ನಡುವೆಯೇ ನಾಟಿತು, ಜೊತೆಯ ಹುಡುಗಿಯರು ಕೂಗಿದರು.

ತಿರುಗಿದೆ. ಮೇಷ್ಟ್ರ ಕಣ್ಣು ಇನ್ನೂ ಗಾಲಿಯ ಮೇಲೇ ಇತ್ತು.

“ಎಲ್ಲಿಗೋಯ್ತವ್ವ ಬಾಣ?” ಎಂದರು.