ತೊಗರಿ ಕಟ್ಟಿಗೆ ಬೇಯಿಸಿದ ದಿನ

ಎಂಬತ್ತರ ದಶಕದ ಕೊನೆ. ನಾನಾಗ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯಿಂದ ಸಕ್ಕರೆ ತೆಗೆದು ಸ್ಪಿರಿಟ್ ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಕಟ್ಟಿಗೆಯ ಎಳೆಗಳನ್ನು ಲಿಗ್ನಿನ್ ಎಂಬುದು ಅಂಟಿನಂತೆ ಬಿಗಿದು ಹಿಡಿದಿರುತ್ತದೆ. ಅದು ಬಿಡದೆ ಸಕ್ಕರೆ ಕೈಗೆ ಸಿಗುವುದಿಲ್ಲ. ಬಿಡಿಸಬೇಕಾದರೆ ಕಾಸ್ಟಿಕ್ ಸೋಡಾ ಕಲಸಿದ ನೀರಿನಲ್ಲಿ, ಬಾಯಿ ಮುಚ್ಚಿ, ಒತ್ತಡದಲ್ಲಿ ಬೇಯಿಸಬೇಕು.

ಕಾಲೇಜಿನಲ್ಲಿದ್ದ ಪಾತ್ರೆಗಳು ಅಂಗೈಯಗಲದವು. ಹಾಗಾಗಿ ಆಳಂದದ ವೆಲ್ಡಿಂಗ್ ಅಂಗಡಿಯ ಕಾಕಾನಿಂದ ದಪ್ಪ ಉಕ್ಕಿನ ಹಂಡೆಯೊಂದನ್ನು ಮಾಡಿಸಿದೆ. ಬೋಲ್ಟ್ ಹಾಕಿ ಬಿಗಿಯುವ ಮುಚ್ಚಳ, ಒತ್ತಡ ತೋರಿಸುವ ಮೀಟರ್, ಹಬೆ ಬಿಡಲು ಒಂದೇ ನಳಿಕೆ. ನಮ್ಮೂರು ಮಟಕಿಯ ಹೊಲದಲ್ಲಿ ಒಲೆ ಹೂಡಿ, ಹಂಡೆಗೆ ಕಡಿದ ಕಟ್ಟಿಗೆ, ಸೋಡಾ ನೀರು ತುಂಬಿ ಮುಚ್ಚಳ ಬಿಗಿದೆವು. ಕಾಕಾ ತಾವೇ ನೋಡಲು ಬಂದರು. ಉರಿ ನೋಡಿಕೊಳ್ಳುವ ಕೆಲಸ ಅವ್ವನ ಪಾಲಿಗೆ ಬಂತು.

ಒಂದು ತಾಸಿನ ಮೇಲೆ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು. ನಳಿಕೆಯ ತಿರುಪು ಸಡಿಲಿಸಿದೆ. ಹಬೆ ಬರಲಿಲ್ಲ. ಪೂರ್ತಿ ತಿರುಗಿಸಿದೆ. ಸದ್ದೇ ಇಲ್ಲ. ಆಗ ಹೊಳೆಯಿತು: ನಳಿಕೆಯ ಒಳಬಾಯಿಗೆ ನಾರು ತಡೆಯುವ ತಂತಿ ಜಾಳಿಗೆ ಕಟ್ಟಲು ನಾನು ಮರೆತಿದ್ದೆ. ನಾರು ಹೋಗಿ ಸಿಕ್ಕಿಕೊಂಡಿತ್ತು. ಮುಳ್ಳು ಗೆರೆ ದಾಟಿತು.

ಕಾಕಾ ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಮುಂದೆ ಬಂದರು. "ಒಂದ್ ಬೋಲ್ಟ್ ಸಡಿಲ ಮಾಡ್ತೇನಿ. ಹವಾ ಹೋಗ್ತದ."

"ಬ್ಯಾಡ್ರಿ ಕಾಕಾ! ಬರೇ ಹವಾ ಬರಂಗಿಲ್ರಿ, ಕುದಿಯೋ ಸೋಡಾ ಹಾರ್ತದ. ಕಣ್ಣು ಹೋಗ್ತಾವ್ರಿ!"

"ಮೂವತ್ತು ವರ್ಷ ಕಬ್ಬಿಣದ ಕೆಲಸ ಮಾಡೇನಿ. ಅತ್ಲಾಗ ಸರಿ ತಂಗಿ."

ನಾನು ಹಂಡೆಗೂ ಅವರಿಗೂ ನಡುವೆ ಹೋಗಿ ನಿಂತೆ. ಬೆನ್ನಿಗೆ ಕಾವು ಬಡಿಯುತ್ತಿತ್ತು. ಅಷ್ಟರಲ್ಲಿ ಅವ್ವ ಉದ್ದನೆಯ ಕೋಲಿನಿಂದ ಒಲೆಯೊಳಗಿನ ಉರಿಯುವ ಕಟ್ಟಿಗೆ, ಕೆಂಡ ಎಲ್ಲವನ್ನೂ ಹೊರಗೆಳೆದು ಮಣ್ಣು ಎರಚತೊಡಗಿದ್ದಳು.

"ಇಬ್ರೂ ದೂರ ಸರೀರಿ!" ಎಂದು ಕೂಗಿದಳು. "ಉರಿ ತಗದ್ರ ಕುದಿ ತಾನೇ ಇಳೀತದ. ಜಗಳ ಆಮ್ಯಾಲ ಮಾಡ್ರಿ."

ಮೂವರೂ ಬದುವಿನ ಹಿಂದೆ ಕುಳಿತು ಮೀಟರಿನತ್ತ ಇಣುಕಿದೆವು. ಮುಳ್ಳು ಇನ್ನೂ ಒಂದಿಷ್ಟು ಏರಿತು. ಹಂಡೆ ಟಣ್ ಎಂದಿತು. ಅವ್ವ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದಳು. ಎಷ್ಟು ಹೊತ್ತೋ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ತುಸು ಇಳಿಯಿತು, ಮತ್ತಷ್ಟು ಇಳಿಯಿತು. ಕಾಕಾ ಪಾನಾ ನೆಲಕ್ಕಿಟ್ಟು ಮುಖ ಒರೆಸಿಕೊಂಡರು. "ನೀ ಹೇಳಿದ್ದು ಖರೆ ಇತ್ತು ತಂಗಿ," ಎಂದರು.

ಹಂಡೆ ಪೂರ್ತಿ ತಣ್ಣಗಾದ ಮೇಲೆ, ಮರುದಿನ ಬೆಳಿಗ್ಗೆ, ಮುಚ್ಚಳ ತೆಗೆದೆವು. ಒಳಗೆ ಡಾಂಬರಿನಂಥ ಕಪ್ಪು ನೀರು. ಹಲವು ಸಲ ತೊಳೆದಾಗ ಕೈಗೆ ಬಂದದ್ದು ತೆಳು ಹಳದಿಯ ಮೆತ್ತನೆ ನಾರು. ಕಾಲೇಜಿನಲ್ಲಿ ಕಿಣ್ವ ಹಾಕಿ ಒಡೆದಾಗ ಅದರಿಂದ ನನಗೆ ಬೇಕಿದ್ದ ಸಕ್ಕರೆ ಸಿಕ್ಕಿತು.

ಕಪ್ಪು ನೀರನ್ನು ಹೊಲಕ್ಕೆ ಚೆಲ್ಲಲು ಅವ್ವ ಬಿಡಲಿಲ್ಲ. ಡ್ರಮ್ಮಿಗೆ ತುಂಬಿ ಕಾಲೇಜಿಗೆ ಒಯ್ದು ಆಮ್ಲ ಹಾಕಿದಾಗ ಲಿಗ್ನಿನ್ ಕಂದು ಗಸಿಯಾಗಿ ತಳಕ್ಕಿಳಿಯಿತು. ಪ್ರಬಂಧದಲ್ಲಿ ಜಾಳಿಗೆ ಮರೆತ ಸಂಗತಿಯನ್ನೂ ಬರೆದೆ. ಮಾರ್ಗದರ್ಶಕರು ಅದನ್ನು ಓದಿ, "ಇದು ಇರಲಿ, ಮುಂದಿನವರು ಓದಲಿ," ಎಂದರು.