ರೇಡಿಯೇಟರ್ ಪ್ಲಗ್ಗಿಗೆ ಉಡಿಸಿದ ರೇಷ್ಮೆ

ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಮಸ್ತಾನ್ ನನ್ನ ಹಳೇ ಜೀಪಿನ ಅಡಿಯಿಂದ ತೆವಳಿಕೊಂಡು ಹೊರಗೆ ಬಂದು ಅಂಗೈ ಚಾಚಿದ. ಅದರಲ್ಲಿ ರೇಡಿಯೇಟರಿನ ತಳದ ಪ್ಲಗ್ಗು. ನೀವು ನೋಡಿರಲಿಕ್ಕಿಲ್ಲ. ಹೆಬ್ಬೆರಳಿನ ತುದಿಯಷ್ಟು ಹಿತ್ತಾಳೆ ತುಂಡು, ನೀರು ಸೋರದಂತೆ ತಿರುಪಿ ಕೂರಿಸುವಂಥದ್ದು, ಅದರ ಕೆಲಸ ಅಷ್ಟೇ. ತಿರುಪಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಮಸ್ತಾನ್ ಅದರ ಮೈಗೆ ಅಂಟಿದ್ದ ಕಪ್ಪು ಎಳೆಯೊಂದನ್ನು ಉಗುರಿನಿಂದ ಎಳೆದು, ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ. ಮಸಿಯ ಒಳಗಿನಿಂದ ಕೆಂಪು ಬಣ್ಣ ಮೂಡಿತು.

“ರೇಷ್ಮಿ ಐತಲ್ರೀ ಸಾರ್. ರೇಡಿಯೇಟರಿಗೆ ಯಾರು ಉಡಸ್ಯಾರ್ರಿ ಇದನ್ನ?”

ಉಡಿಸಿದವನು ಬಸಣ್ಣ ಮಾವ, ನನ್ನ ತಾಯಿಯ ತಮ್ಮ. ನಾರಾಯಣಪೇಟೆಯಲ್ಲಿ ಸೀರೆ ನೇಯುವುದು ಅವನ ಕಸುಬು. ಸರ್ಕಾರಿ ಹರಾಜಿನಲ್ಲಿ ಈ ಜೀಪನ್ನು ಯಾಕೆ ಕೊಂಡನೆಂದು ಯಾರಿಗೂ ತಿಳಿಯಲಿಲ್ಲ, ಅವನ ಹೆಂಡತಿಗಂತೂ ಕೊನೆಯವರೆಗೂ ತಿಳಿಯಲಿಲ್ಲ. ಕೇಳಿದರೆ, “ಇದರಾಗ ನಾಲ್ಕೂ ಗಾಲಿ ಜಗ್ತಾವ. ಒಂದರ ಕುಂತು ತಿನ್ನೂದಿಲ್ಲ, ನಿಮ್ಮ ಸಾಲಿ ಮಾಸ್ತರಗೋಳಂಗ,” ಅನ್ನುತ್ತಿದ್ದ. ಸಾಲಿ ಮಾಸ್ತರ ಎಂದರೆ ನಾನು, ಅದೂ ವಿಜ್ಞಾನದ ಮಾಸ್ತರ. ಈ ಸಂಗತಿ ಸ್ವಲ್ಪ ಹೊತ್ತಿನಲ್ಲೇ ನನ್ನ ಮಾನ ಕಳೆಯಲಿದೆ.

ಜೀಪಿನ ಯಾವ ಕಾಯಿಲೆಗೂ ಮಾವನ ಬಳಿ ಒಂದೇ ಔಷಧ: ನೂಲು. ಬಾಗಿಲಿನ ಹಿಡಿಕೆಗೆ ನೂಲು, ಹಾರ್ನಿನ ವೈರಿಗೆ ನೂಲು, ಸವೆದ ಪ್ಲಗ್ಗಿಗೂ ನೂಲು. ಜೇಬಿನಲ್ಲಿ ಸದಾ ಒಂದು ಉಂಡೆ ಇಟ್ಟಿರುತ್ತಿದ್ದ. ಪ್ಲಗ್ಗು ತೊಟ್ಟಿಕ್ಕುತ್ತಲೇ ಇತ್ತು. ಹೊಸದು ಹಾಕಿಸು ಎಂದರೆ ಅವನಿಗೆ ಅವಮಾನ, ನೂಲಿರುವ ಮನೆಯವರು ಅದಕ್ಕೆಲ್ಲ ಅಂಗಡಿಗೆ ಹೋಗುವುದುಂಟೆ?

ಆಗ ಪ್ರತ್ಯೇಕ ರಾಜ್ಯದ ಹೋರಾಟ ಜೋರಾಗಿ ನಡೆದಿತ್ತು. ನಮ್ಮ ಕಡೆ ರಾಜ್ಯಗಳು ಬಂದು ಹೋಗುವುದು ಹೊಸದಲ್ಲ. ನನ್ನ ಅಜ್ಜ ಮನೆಯ ಕಟ್ಟೆ ಬಿಟ್ಟೇಳದೆ ನಿಜಾಮನ ಪ್ರಜೆಯಾಗಿ, ಹೈದರಾಬಾದಿನವನಾಗಿ, ಆಂಧ್ರದವನಾಗಿ, ಎಲ್ಲ ಸರ್ಕಾರಗಳನ್ನೂ ಕನ್ನಡದಲ್ಲೇ ಬೈದು ಬದುಕಿದ್ದ. ಆ ಗದ್ದಲದ ನಡುವೆ ನನ್ನ ತಂಗಿ ಶಾಂತಾಳ ಮದುವೆ ಕೂಡಿಬಂತು. ಗದ್ವಾಲದಲ್ಲಿ, ಗಂಡಿನ ಮನೆಯ ಮುಂದೆ, ಬೆಳಿಗ್ಗೆ ಹನ್ನೊಂದೂವರೆಗೆ ಮುಹೂರ್ತ.

ನಮ್ಮಲ್ಲಿ ಸೋದರಮಾವ ತಂದ ಸೀರೆ ಉಟ್ಟೇ ಹುಡುಗಿ ಮಣೆಯ ಮೇಲೆ ಕೂರಬೇಕು. ಗಂಡಿನವರೂ ನೇಕಾರರು. ನಿಶ್ಚಯದ ದಿನ ಅವರ ಹಿರಿಯನೊಬ್ಬ, “ನಮ್ಮೂರಾಗ ಸೀರಿಗೇನು ಬರ ಬಿದ್ದೈತೇನ್ರಿ, ಅಲ್ಲಿಂದ ಹೊತ್ಗೊಂಡು ಬರಾಕ?” ಎಂದು ನಕ್ಕಿದ್ದ. ಮಾವ ನಗಲಿಲ್ಲ. ಎರಡು ತಿಂಗಳು ಮಗ್ಗ ಬಿಟ್ಟು ಏಳಲೂ ಇಲ್ಲ. ಕೆಂಪು ರೇಷ್ಮೆ ಸೀರೆ ಮಗ್ಗದಿಂದ ಇಳಿದದ್ದು ಮದುವೆಯ ಮುಂಜಾನೆ. ಮನೆಯವರೆಲ್ಲ ಹಿಂದಿನ ದಿನವೇ ಗದ್ವಾಲಕ್ಕೆ ಹೋಗಿದ್ದರಿಂದ, ಮಾವನನ್ನೂ ಸೀರೆಯನ್ನೂ ಹೊತ್ತಿಗೆ ಮುಟ್ಟಿಸುವ ಹೊಣೆ ನನ್ನ ಮೇಲೆ ಬಿತ್ತು. ಸೀರೆ ಮುಟ್ಟದಿದ್ದರೆ ಶಾಂತಾ ಗಂಡಿನವರು ಕೊಟ್ಟ ಸೀರೆ ಉಟ್ಟು, ಜೀವಮಾನವಿಡೀ ಅದೊಂದು ಮಾತು ಕೇಳಬೇಕು.

ಮಕ್ತಲದ ನಡುರಸ್ತೆಯಲ್ಲಿ ಪ್ಲಗ್ಗು ಕಳಚಿಕೊಂಡಿತು. ಹೊರಬಂದು, ಸುತ್ತಿದ ನೂಲಿಗೆ ಜೋತಾಡುತ್ತಿತ್ತು. ನೀರೆಲ್ಲ ಡಾಂಬರಿನ ಮೇಲೆ, ಬಾನೆಟ್ಟಿನಿಂದ ಹಬೆ, ಜೀಪು ರಸ್ತೆಗೆ ಅಡ್ಡಡ್ಡ.

ಅದೇ ಜಾಗದಲ್ಲಿ ಹತ್ತು ಗಂಟೆಗೆ ಹೋರಾಟದವರ ರಾಸ್ತಾರೋಕೋ, ಅಂದರೆ ರಸ್ತೆ ತಡೆ, ಇದೆಯೆಂದು ನಮಗೇನು ಗೊತ್ತು? ಬೇಗ ಬಂದು ಚಹಾ ಕುಡಿಯುತ್ತಿದ್ದ ಹತ್ತಿಪ್ಪತ್ತು ಜನ ಜೀಪು ನೋಡಿ, ಆಗಲೇ ಶುರುವಾಯಿತೆಂದು ತಿಳಿದು, ಓಡಿ ಬಂದು ಅದರ ಮುಂದೆ ಕೂತುಬಿಟ್ಟರು. ಹಿಂದೆ ಲಾರಿಗಳು ಸಾಲುಗಟ್ಟಿದವು. ಯಾರೋ ಮಾವನ ಕೈಗೆ ಮೈಕು ಕೊಟ್ಟರು. ಮಾವ ತೆಲುಗಿನಲ್ಲಿ, “ಮಾಕು ನೀಳ್ಳು ಕಾವಾಲಿ,” ನಮಗೆ ನೀರು ಬೇಕು, ಎಂದ. ಅವನು ಕೇಳಿದ್ದು ರೇಡಿಯೇಟರಿಗೆ. ಚಪ್ಪಾಳೆ ಬಿತ್ತು. ಹೋರಾಟದ ದೊಡ್ಡ ಬೇಡಿಕೆಯೇ ನೀರು, ಆ ದಿನಗಳಲ್ಲಿ ಅಷ್ಟು ಹೇಳಿದರೆ ಅರ್ಧ ಭಾಷಣ ಮುಗಿದಂತೆ.

ನಾನು ಕೊಡ ಹುಡುಕಿ ನೀರು ತಂದೆ. ಮಾವ ಪ್ಲಗ್ಗಿನ ತುದಿಯನ್ನು ತನ್ನ ಕಡೆ ಹಿಡಿದು, ನೂಲು ಸುತ್ತಿ, ಜೀಪಿನಡಿ ನುಸುಳಿ ತಿರುಪಿದ. ಮೇಲಿಂದ ಹೊಯ್ದ ನೀರು ತಳದಿಂದ ಹಾಗೇ ಹೋಯಿತು. ಮತ್ತೆ ಸುತ್ತಿದ, ಎರಡರಷ್ಟು. ಮತ್ತೆ ಸೋರಿತು. ರಸ್ತೆಯಲ್ಲಿ ಕೂತವರಲ್ಲಿ ಒಬ್ಬ ನೀರಿಗೆ ಅರಿಶಿನ ಹಾಕಿ ಎಂದ, ಇನ್ನೊಬ್ಬ ಸಾಬೂನು ಮೆತ್ತಿ ಎಂದ. ನಾನು ಶಾಖಕ್ಕೆ ಲೋಹ ಹಿಗ್ಗುವುದರ ಬಗ್ಗೆ ನಾಲ್ಕು ಮಾತು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಐದನೇ ಸಲಕ್ಕೆ ಉಂಡೆ ಮುಗಿಯಿತು. ಗಂಟೆ ಒಂಬತ್ತೂವರೆ.

“ಹುಡುಗಿ ಏನು ಉಟ್ಗೊಂತಾಳೋ,” ಎಂದ ಮಾವ, ಅಷ್ಟೇ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಮಾಗನೂರಿನ ರೈತನೊಬ್ಬ ಬೀಡಿ ಆರಿಸಿ ಎದ್ದು ಬಂದ. ಹೊಲದಲ್ಲಿ ಪಂಪಿನ ಪೈಪು ಬಿಗಿದು ಪಳಗಿದವನು. “ಯಜಮಾನ್ರ, ನೀವು ಎಡಕ್ಕ ಸುತ್ತಾಕತ್ತೀರಿ. ತಿರುವಿದಂಗೆಲ್ಲಾ ಅದು ಬಿಚ್ಗೊಂತೈತಿ ನೋಡ್ರಿ.”

ನಿಜವಾಗಿತ್ತು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲನ್ನು ಎಡಕ್ಕೆ ಸುತ್ತುವುದು ಮಾವನ ಮನೆಯ ರೂಢಿ. ಪ್ಲಗ್ಗಿಗೂ ಹಾಗೇ ಸುತ್ತಿದ್ದ. ತಿರುಪು ಬಿಗಿಯಾದಷ್ಟೂ ನೂಲು ಸಡಿಲಾಗುತ್ತಿತ್ತು. ಬಲ ತಿರುಪಿನ ನಿಯಮವನ್ನು ವರ್ಷವರ್ಷವೂ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುವ ನಾನು ಐದೂ ಸಲ ಪಕ್ಕದಲ್ಲೇ ಕೊಡ ಹಿಡಿದು ನಿಂತಿದ್ದೆ.

ಮಾವ ಬಲಕ್ಕೆ ಸುತ್ತುವುದನ್ನು ಬರಿಬೆರಳಲ್ಲೇ ಅಭ್ಯಾಸ ಮಾಡಿದ. ಎರಡು ಸುತ್ತು ಬಲಕ್ಕೆ ಹೋದರೆ ಮೂರನೆಯದು ತಾನಾಗಿ ಎಡಕ್ಕೆ ಹೊರಳುತ್ತಿತ್ತು. “ಐವತ್ತು ವರ್ಷದ ಕೈ ಇದು, ಹೇಳಿದ್ದು ಕೇಳೂದಿಲ್ಲ,” ಎಂದ. ಆಗ ನನಗೂ ಒಂದು ಬುದ್ಧಿ ಹೊಳೆಯಿತು, ಆ ದಿನಕ್ಕೆ ಅದೊಂದೇ. ಪ್ಲಗ್ಗನ್ನು ಹಿಂದುಮುಂದು ಮಾಡಿ, ತಲೆ ಅವನ ಕಡೆ ಬರುವಂತೆ ಹಿಡಿಸಿದೆ. “ಈಗ ನಿನ್ನಂಗ ಸುತ್ತು ಮಾವ, ಸರಿ ಬೀಳತೈತಿ.”

ಸುತ್ತಲು ನೂಲೆಲ್ಲಿ? ಮಾವ ಸೀರೆಯ ಗಂಟು ಬಿಚ್ಚಿ, ಸೆರಗಿನ ಕೊನೆಗೆ ನೇಯದೆ ಬಿಟ್ಟ ಕುಚ್ಚಿನ ಎಳೆಗಳನ್ನು ಹಲ್ಲಿನಿಂದ ಕಡಿಯತೊಡಗಿದ. ನಾನು ಕೈ ಹಿಡಿದೆ. “ಬಿಡೋ. ಸೀರಿ ಮುಟ್ಟಿದ್ರ ಸಾಕು, ಕುಚ್ಚು ಯಾರು ನೋಡ್ತಾರ.” ಎಳೆಗಳನ್ನು ಒಂದೊಂದಾಗಿ ಸುತ್ತಿ, ತಿರುಪಿ ಬಿಗಿದ. ಈ ಸಲ ಒಂದು ಹನಿಯೂ ಬೀಳಲಿಲ್ಲ. ಕೂತವರೆಲ್ಲ ಎದ್ದು ಜೀಪು ತಳ್ಳಿ ದಾರಿ ಬಿಟ್ಟರು, ನಾವು ದಾಟಿದ ಮೇಲೆ ಮತ್ತೆ ಕೂತರು.

ಜೂರಾಲ ಅಣೆಕಟ್ಟು ದಾಟಿ ಗದ್ವಾಲ ಸೇರಿದಾಗ ಹನ್ನೊಂದೂ ಕಾಲು. ಅವ್ವ ಸೀರೆ ಕಸಿದುಕೊಂಡು ಒಳಗೆ ಓಡಿದಳು. ಅಕ್ಷತೆ ಬಿದ್ದ ಮೇಲೆ ಆ ಹಿರಿಯ ಸೆರಗು ತಿರುವಿ, ಮಗುಚಿ, ಬಹಳ ಹೊತ್ತು ನೋಡಿದ. “ನೇಯ್ಗಿ ಭಾಳ ಚಲೋ ಐತ್ರಿ. ಕುಚ್ಚು ಯಾಕ ಕಡಿಮಿ?” ಮಾವ, “ನಮ್ಮ ಕಡೆ ಹಂಗ್ರಿ,” ಎಂದ. ಹಿರಿಯ ತಲೆದೂಗಿದ.

ಮುಂದೆ ರಾಜ್ಯವೂ ಬಂತು. ಅದನ್ನು ಮಕ್ತಲದಲ್ಲಿ ಶುರು ಮಾಡಿದ್ದೇ ತಾನೆಂದು ಮಾವ ಹೇಳಿಕೊಂಡು ತಿರುಗಿದ. ಆ ಪ್ಲಗ್ಗನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಹೋದ ವರ್ಷ ತೀರಿಕೊಂಡ. ಜೀಪು ನನ್ನ ಪಾಲಿಗೆ ಬಂತು. ಅವನು ಇಲ್ಲವೆನ್ನುವುದಕ್ಕೆ ನಾನಿನ್ನೂ ಒಗ್ಗಿಕೊಂಡಿಲ್ಲ.

ಮಸ್ತಾನ್ ಹೊಸ ಪ್ಲಗ್ಗಿಗೆ ಬಿಳಿ ಟೇಪು ಸುತ್ತಿ ಕೂರಿಸಿದ. ಹನಿ ಬೀಳುತ್ತದೆಯೇ ಎಂದು ಕೆಳಗೆ ಕೈಯಾಡಿಸಿ ನೋಡಿದೆ. ಬೀಳುತ್ತಿರಲಿಲ್ಲ, ಕೈಗೆ ಮಾತ್ರ ಮಸಿ, ಡೀಸೆಲ್ ಮೆತ್ತಿತು. ಮನಸ್ಸು ತಡೆಯದೆ ಶಾಂತಾಳಿಗೆ ಫೋನ್ ಮಾಡಿ, ಇಷ್ಟು ವರ್ಷ ಮುಚ್ಚಿಟ್ಟಿದ್ದ ಕುಚ್ಚಿನ ಕತೆ ಒಪ್ಪಿಸಿದೆ.

“ಕುಚ್ಚಿಂದು ಗೊತ್ತಿರಲಿಲ್ಲ,” ಎಂದಳು. “ಗಾಡಿ ಕೈ ಕೊಟ್ಟಿದ್ದು ಗೊತ್ತಿತ್ತು. ಗಂಡಿನವರು, ಮಾವ ಇನ್ನ ಬರೂದಿಲ್ಲ, ನಮ್ಮ ಸೀರಿ ಉಡಸ್ರಿ ಅನ್ನಾಕತ್ತಿದ್ರು. ಅವ್ವ ಬಂದು ಸುಮ್ಮನ ಉಡಸಾಕ ಶುರು ಮಾಡಿದ್ಲು. ಯಾರ ಸೀರಿ ಅಂತ ನೋಡೂ ಧೈರ್ಯ ಆಗಲಿಲ್ಲ ಅಣ್ಣಾ, ಕಣ್ಣು ಮುಚ್ಚಿದ್ದೆ. ಸೆರಗು ಹೆಗಲ ಮ್ಯಾಲೆ ಬಿತ್ತು ನೋಡು, ಡೀಸೆಲ್ ವಾಸನಿ ಬಂತು. ಮಾವ ಬಂದಾನ ಅಂತ ಜೀವಕ್ಕ ಸಮಾಧಾನ ಆತು.”

ಜೀಪು ಸರಿಯಾಗಿದೆ, ಕೈಯೆಲ್ಲ ಮಸಿ, ತೊಳೆದುಕೊಂಡು ಈಗಲೇ ಗದ್ವಾಲಕ್ಕೆ ಬರಲೇ ಎಂದು ಕೇಳಿದೆ.

“ಬಾ,” ಎಂದಳು. “ಕೈ ತೊಳಕೋಬ್ಯಾಡ, ಹಂಗ ಬಾ.”