ಕೊನೆಯ ಸಾಲಿನಲ್ಲಿ ಕೂತ ಕಿವಿ

ಹಾಲೇಶಣ್ಣ ಎಂದರೆ ನನಗೆ ಮೊದಲು ಕಾಣುವುದು ಖಾಲಿ ಮೈದಾನದ ಕೊನೆಯ ಸಾಲಿನಲ್ಲಿ, ತಲೆ ಮೇಲೆ ಟವೆಲ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತ ಮನುಷ್ಯ. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ಗಂಟೆ ಇದೆ. ಬಿಸಿಲು ಸುಡುತ್ತಿದೆ. ಶಾಮಿಯಾನದವರು ಕಂಬ ನೆಡುತ್ತಿದ್ದಾರೆ. ಸ್ಟೇಜಿನ ಮೇಲೆ ನಾನು ಮೈಕಿನ ಮುಂದೆ ಬೀಗದ ಕೈಗಳ ಗೊಂಚಲನ್ನು ಅಲ್ಲಾಡಿಸಬೇಕು. ಆಮೇಲೆ ಪ್ಲಾಸ್ಟಿಕ್ ಕವರ್ ಮುದುಡಬೇಕು. ಆಮೇಲೆ ಖಾಲಿ ಡಬ್ಬ ಬಡಿಯಬೇಕು. 'ಹಲೋ, ಮೈಕ್ ಟೆಸ್ಟಿಂಗ್' ಅಂದರೆ ಅವರಿಗೆ ಆಗುತ್ತಿರಲಿಲ್ಲ.

"ನಿನ್ ಹಲೋ ಕೇಳಕ್ಕೆ ಜನ ಬರ್ತಾರೇನೋ?" ಎನ್ನುತ್ತಿದ್ದರು.

ಅವರ ಮನೆ ಭದ್ರಾವತಿಯ ಹಳೇನಗರದಲ್ಲಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಸಾಮಿಲ್ಲಿನಲ್ಲಿ ಹತ್ತು ವರ್ಷ ದುಡಿದು, ಮದುವೆಯಾದ ಮೇಲೆ ಅವರ ಸೌಂಡ್ ಸಿಸ್ಟಮ್ಮಿಗೆ ಸ್ಪೀಕರ್ ಪೆಟ್ಟಿಗೆ ಹೊರಲು ಸೇರಿದವನು. ಯಾರ ಹಂಗಿನಲ್ಲೂ ಬದುಕಿದವನಲ್ಲ. ಆದರೆ ಕೇಳುವುದನ್ನು ಕಲಿಸಿದವರು ಅವರು. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಈಕ್ವಲೈಜರ್ ಎಂದರೆ ಮೂವತ್ತೊಂದು ಸಣ್ಣ ಗುಂಡಿಗಳ ಸಾಲು. ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಎಡಗಡೆಯವು ದಪ್ಪ ದನಿಗೆ: ತಬಲಾದ ಡಗ್ಗಾ, ಗಂಡಸರ ಎದೆಯ ದನಿ. ಬಲಗಡೆಯವು ಸಣ್ಣ ದನಿಗೆ: ತಾಳ, ಗೆಜ್ಜೆ, ಹಾಡುವವರ ಬಾಯಿಂದ ಬರುವ 'ಸ' ಅಕ್ಷರ. ತಗಡಿನ ಛಾವಣಿಯ ಕೆಳಗೆ ಯಾವುದೋ ಒಂದು ದನಿ ಎದ್ದು ಕಿರುಚುತ್ತದೆ. ಬಯಲಿಗೆ ಹೋದರೆ ಅದೇ ದನಿ ಸತ್ತುಹೋಗುತ್ತದೆ. ಆಯಾ ಜಾಗಕ್ಕೆ ತಕ್ಕಂತೆ ಗುಂಡಿ ಕೂರಿಸುವುದೇ ಹಾಲೇಶಣ್ಣನ ವಿದ್ಯೆ.

"ಮೊದ್ಲು ಎದ್ದಿರೋದನ್ನ ಇಳ್ಸು. ಎತ್ತೋದು ಆಮೇಲೆ. ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಖಾರ ಸುರೀತಾನಲ್ಲ, ಅಂಥೋನು ಮೊದ್ಲೇ ಎತ್ತುತಾನೆ."

ಬೇರೆ ಸಿಸ್ಟಮ್ಮಿನವನೊಬ್ಬ ಒಮ್ಮೆ ಫೋನಿನಲ್ಲಿ ದನಿಯ ಗ್ರಾಫ್ ತೋರಿಸಿದ. ಹಾಲೇಶಣ್ಣ ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗಿದೆ. ಫೋಟೋ ನೋಡಿ ಹೋಳಿಗೆ ರುಚೀನೂ ಹೇಳ್ತೀಯಾ ಮಾರಾಯ?"

ಕಾಗದನಗರದಲ್ಲಿ ಒಂದು ವಾದ್ಯಗೋಷ್ಠಿಗೆ ಹೋಗಿದ್ದಾಗ ನಾನು ಒಂದು ಪೆಟ್ಟಿಗೆಗೆ ವೈರನ್ನು ತಿರುಗಾಮುರುಗಾ ಕೊಟ್ಟುಬಿಟ್ಟಿದ್ದೆ. ಅವರು ಗೇಟಿನಾಚೆ ಟೀ ಕುಡಿಯುತ್ತಿದ್ದವರು ಅಲ್ಲಿಂದಲೇ ಕೂಗಿದರು: "ನಾಗ, ಒಂದ್ ಪೆಟ್ಟಿಗೆ ಒಳಕ್ಕೆ ಎಳೀತಿದೆ. ದಪ್ಪ ದನಿ ಎಲ್ಲೋಯ್ತು?" ಅವರು ಬರುವಷ್ಟರಲ್ಲಿ ನಾನು ಗಡಿಬಿಡಿಯಲ್ಲಿ ವೈರ್ ಬದಲಿಸಿ, "ಏನೂ ಆಗಿಲ್ಲಣ್ಣ, ಸರಿಯಾಗೇ ಇದೆ" ಎಂದೆ. ಒಂದು ವಾರ ನನ್ನೊಡನೆ ಮಾತಿಲ್ಲ. ಎಂಟನೇ ದಿನ, ಕೇಬಲ್ ಸುತ್ತುತ್ತಾ ತಾವಾಗಿಯೇ ಹೇಳಿದರು.

"ವೈರ್ ತಪ್ಪಿದ್ದಕ್ಕಲ್ಲ ಕಣೋ. ಏನೂ ಆಗಿಲ್ಲ ಅಂದ್ಯಲ್ಲ, ಅದಕ್ಕೆ. ನನ್ ಕಿವಿ ಮೇಲೆ ನಂಗೇ ಡೌಟ್ ಬರೋ ಹಂಗೆ ಮಾಡ್ಬೇಡ. ನಂಗಿರೋದು ಅದೊಂದೇ."

ಇದನ್ನು ಕೇಳಿಸಿಕೊಂಡ ನಾನೇ ಆಮೇಲೆ ಏನು ಮಾಡಿದೆ ಎಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಶಿವಮೊಗ್ಗದ ಒಂದು ಮೈದಾನ. ಎಂದಿನಂತೆ ಅವರು ಕೊನೆಯ ಸಾಲಿನಲ್ಲಿ, ನಾನು ಮೈಕಿನ ಮುಂದೆ.

"ಅಲ್ಲಾಡ್ಸೋ!" ಎಂದು ಕೂಗಿದರು.

ನಾನು ಅಲ್ಲಾಡಿಸುತ್ತಲೇ ಇದ್ದೆ. ಬೀಗದ ಕೈಗಳ ಸದ್ದು ಎಷ್ಟು ಚೂಪಾಗಿತ್ತೆಂದರೆ ಕಂಬ ಹಿಡಿದಿದ್ದವನು ಒಂದು ಕಿವಿಯನ್ನು ಹೆಗಲಿಗೆ ಒತ್ತಿಕೊಂಡಿದ್ದ.

"ಏ ನಾಗ, ನಿದ್ದೆ ಹತ್ತಿತೇನೋ? ಅಲ್ಲಾಡ್ಸು ಅಂದೆ!"

ನನ್ನ ಕೈ ನಿಂತುಹೋಯಿತು. ಮೂವತ್ತು ವರ್ಷ ಆ ಪೆಟ್ಟಿಗೆಗಳ ಎದುರು ನಿಂತ ಕಿವಿ. ಮಾತು ಕೇಳುತ್ತಿತ್ತು, ಡಗ್ಗಾ ಕೇಳುತ್ತಿತ್ತು. ಮೇಲಿನ ಸಣ್ಣ ದನಿಗಳಷ್ಟೇ ಅವರ ಪಾಲಿಗೆ ಇಲ್ಲವಾಗಿದ್ದವು. ಅದನ್ನು ಹೇಳಬೇಕಾದವನು ನಾನು. "ಈಗ ಅಲ್ಲಾಡಿಸ್ತೀನಿ ಅಣ್ಣ" ಎಂದುಬಿಟ್ಟೆ.

ಅಂದಿನಿಂದ ಅವರು ಬಲಗಡೆಯ ಗುಂಡಿಗಳನ್ನು ಎತ್ತುತ್ತಾ ಹೋದರು. ಜನರ ಕಿವಿ ಸೀಳುವ ಹಾಗೆ. ಸ್ಟೇಜಿನ ಹಿಂದೆ, ಆಂಪ್ಲಿಫೈಯರುಗಳ ನಡುವೆ, ಸಣ್ಣ ದನಿಯ ಹಾರ್ನುಗಳಿಗೆ ಬೇರೆಯೇ ಒಂದು ಗುಂಡಿ ಇತ್ತು. ಅವರು ಮುಂದೆ ಎಷ್ಟು ಎತ್ತಿದರೆ ನಾನು ಹಿಂದೆ ಅಷ್ಟು ಇಳಿಸಿದೆ. ಒಂದೂವರೆ ವರ್ಷ. "ಹಾಲೇಶಣ್ಣನ ಸೌಂಡ್ ಅಂದ್ರೆ ಸೌಂಡ್" ಎಂದು ಜನ ಹೊಗಳಿದಾಗಲೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ. ಅವರ ಮಾನ ನನ್ನ ಬೆರಳ ತುದಿಯಲ್ಲಿದೆ ಎಂದುಕೊಂಡಿದ್ದೆ.

ವಿನೋಬನಗರದ ಒಂದು ಸಭಾಂಗಣದಲ್ಲಿ ವಚನ ಗಾಯನವಿತ್ತು. ಮಧ್ಯಾಹ್ನ ಹಾಡುವ ತಾಯಿ ಬಂದು ಒಂದು ಸಾಲು ಹಾಡಿದರು. ಹಾಲೇಶಣ್ಣ ಬಲಗಡೆಯ ಆರು ಗುಂಡಿಗಳನ್ನು ಒಟ್ಟಿಗೆ ತುದಿಗೆ ತಳ್ಳಿದರು. ನಾನು ಹಿಂದೆ ಓಡಿ ಇಳಿಸಿದೆ. ಪರದೆಯ ಸಂದಿನಿಂದ ನೋಡಿದರೆ ಅವರು ಗುಂಡಿಗಳನ್ನು ನೋಡುತ್ತಿಲ್ಲ, ಎದುರಿಗೆ ಕೂತ ನಾಲ್ಕೈದು ಜನರ ಮುಖ ನೋಡುತ್ತಿದ್ದಾರೆ. ಯಾರೂ ಮುಖ ಕಿವುಚಲಿಲ್ಲ. ಯಾರೂ ಕಿವಿ ಮುಚ್ಚಲಿಲ್ಲ. ಅವರು ಎದ್ದು ನೇರ ಸ್ಟೇಜಿನ ಹಿಂದಕ್ಕೆ ಬಂದರು. ನನ್ನ ಬೆರಳು ಇನ್ನೂ ಆ ಗುಂಡಿಯ ಮೇಲೇ ಇತ್ತು.

"ಅಷ್ಟು ಎತ್ತಿದ್ರೆ ಮೈಕ್ ಸಿಳ್ಳೆ ಹೊಡೀಲೇಬೇಕು. ಯಾಕೆ ಹೊಡೀಲಿಲ್ಲ?"

ನಾನು ಗುಂಡಿಯಿಂದ ಬೆರಳು ತೆಗೆದೆ.

"ನನ್ ಕೈಗೆ ಗಿಲಕಿ ಕೊಟ್ಟು ಕೂರ್ಸಿದ್ಯಾ?"

"ಅಣ್ಣ, ನಿಮಗೆ ಬೇಜಾರಾಗುತ್ತೆ ಅಂತ..."

"ಕಿವಿ ಹೋಗಿದ್ದು ನಂಗೊತ್ತಿಲ್ಲ ಅಂದ್ಕಂಡ್ಯಾ? ಮೊಮ್ಮಗಳ ಗೆಜ್ಜೆ ಕೇಳಲ್ಲ ನಂಗೆ. ನೀನು ಹೇಳ್ತೀಯ ಅಂತ ಕಾದೆ ಕಣೋ. ಹೇಳಿದ್ರೆ ಪಕ್ಕದಲ್ಲಿ ಕೂರಿಸ್ಕಂತಿದ್ದೆ. ನಿನ್ ಕಿವಿ, ನನ್ ಕೈ. ಇನ್ನೂ ಐದ್ ವರ್ಷ ಮಾಡ್ಬೋದಿತ್ತು."

ಅವರ ದನಿ ಏರಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಇವತ್ತಿಂದು ನೀನೇ ಮುಗ್ಸು. ಸಿಸ್ಟಮ್ಮೂ ನೀನೇ ಇಟ್ಕ" ಎಂದು ಹೊರಟರು. ಹಿಂದೆಯೇ ಹೋದೆ. ಗೇಟಿನ ಹತ್ತಿರ ಕೈ ಅಡ್ಡ ಮಾಡಿ ತಡೆದರು. "ಪ್ರೋಗ್ರಾಂ ಇದೆ, ಹೋಗು."

ಆಮೇಲೆ ಮೂರು ಸಲ ಹಳೇನಗರಕ್ಕೆ ಹೋದೆ. ಮೂರು ಸಲವೂ ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಬಾಗಿಲಲ್ಲೇ ನಿಂತು, "ಮಲಗಿದಾರೆ ನಾಗರಾಜ" ಎಂದರು. ಒಳಗೆ ಅವರು ಕೆಮ್ಮುವುದು ಕೇಳುತ್ತಿತ್ತು. ಮೂರನೇ ಸಲ ಅಕ್ಕ ನನ್ನ ಮುಖವನ್ನೇ ನೋಡಲಿಲ್ಲ. ನನಗೂ ಹಟವಿತ್ತು. ಇಷ್ಟು ದುಡಿದವನು ಎಷ್ಟು ಸಲ ಬಾಗಿಲಲ್ಲಿ ನಿಲ್ಲಲಿ ಎಂದುಕೊಂಡೆ. ಮತ್ತೆ ಹೋಗಲಿಲ್ಲ.

ಹೋದ ಆಷಾಢದಲ್ಲಿ ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮುಂಚೆ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದರು. ಬಹಳ ಇಳಿದುಹೋಗಿದ್ದರು. ಶಿವಮೊಗ್ಗದ ಬಸ್ಸಿನ ಮೆಟ್ಟಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದರು. "ಹಾಲೇಶಣ್ಣಾ" ಎಂದು ಕರೆದೆ. ಇನ್ನೊಮ್ಮೆ ಕರೆದೆ. ಕಡಲೆಕಾಯಿ ಮಾರುವವನು ತಿರುಗಿದ, ಕಂಡಕ್ಟರ್ ತಿರುಗಿದ. ಅವರು ಒಂದು ಕ್ಷಣ ಕಂಬಿ ಹಿಡಿದಂತೆಯೇ ನಿಂತು, ಆಮೇಲೆ ಮೆಲ್ಲಗೆ ಹತ್ತಿ, ಆಚೆ ಬದಿಯ ಕಿಟಕಿಗೆ ಹೋಗಿ ಕೂತರು.

ಪಾಪ, ಅವರಿಗೆ ಕೇಳಿಸಿರಲಿಕ್ಕಿಲ್ಲ ಬಿಡಿ ಎನ್ನುತ್ತಾಳೆ ನನ್ನ ಹೆಂಡತಿ. ಬಸ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ನಾನು ನಿಂತಿದ್ದು ನಾಲ್ಕು ಮಾರು ದೂರ. ನನ್ನದು ದಪ್ಪ ದನಿ. ಆ ಕಿವಿಗೆ ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಒಂದೂವರೆ ವರ್ಷ ಅಳೆದು ನೋಡಿದವನು ನಾನೊಬ್ಬನೇ.